ಎಡಗಡೆ, ಬಲಗಡೆ, ಮಾಲೀಕರ ಜೊತೆ

ನನಗೆ ಹೆಣ್ಣು ಕೊಡಲು ಬಂದವರು ಹುಡುಗನ ಕೆಲಸ ಏನೆಂದು ವಿಚಾರಿಸಿದಾಗ ನಮ್ಮಪ್ಪ "ಇನ್ಸೂರೆನ್ಸ್ ಕಂಪನೀಲಿ ಫೋಟೋ ತೆಗೀತಾನೆ" ಎಂದು ಹೇಳಿ ಎಲೆ ಅಡಿಕೆ ತಟ್ಟೆಯನ್ನು ಮುಂದಕ್ಕೆ ತಳ್ಳಿದರಂತೆ. ಯಾರ ಫೋಟೋ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಮದುವೆಯಾದ ಮೇಲೆ ಒಂದು ದಿನ ನನ್ನ ಚೀಲದಲ್ಲಿದ್ದ ಫೋಟೋಗಳ ಕಟ್ಟು ಬಿಚ್ಚಿ ನೋಡಿದ ಪದ್ಮ, "ರೀ, ಇದರಲ್ಲಿ ಬರೀ ಹಸುಗಳೇ ಇದಾವಲ್ರೀ" ಎಂದಳು. "ಮನುಷ್ಯರೂ ಇದಾರೆ ನೋಡು, ಪಕ್ಕದಲ್ಲಿ ಹಗ್ಗ ಹಿಡ್ಕೊಂಡು" ಎಂದೆ. ಅವಳು ಇನ್ನೊಂದು ಸಲ ನೋಡಿ, "ಇವರಿಗಿಂತ ಹಸುಗಳೇ ನೆಟ್ಟಗೆ ಬಂದಿವೆ" ಎಂದಳು. ನನ್ನ ವೃತ್ತಿಜೀವನದಲ್ಲಿ ಸಿಕ್ಕ ಮೊದಲ ವಿಮರ್ಶೆ ಅದು. ಕೊನೆಯವರೆಗೂ ಅದನ್ನು ಮೀರಿಸುವಂಥದ್ದು ಸಿಗಲಿಲ್ಲ.

ಕೆಲಸ ಇಷ್ಟೇ. ರೈತರು ಹಸುವಿಗೆ ವಿಮೆ ಮಾಡಿಸುತ್ತಾರೆ. ಪಶುವೈದ್ಯರು ಪರೀಕ್ಷೆ ಮಾಡಿದ ಮೇಲೆ ನಾನು ಹಸುವಿನ ಕಿವಿಗೆ ನಂಬರಿರುವ ಹಳದಿ ಬಿಲ್ಲೆ ಚುಚ್ಚಿ, ಮೂರು ಫೋಟೋ ತೆಗೆಯಬೇಕು: ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು, ಮಾಲೀಕರ ಜೊತೆ ನಿಲ್ಲಿಸಿ ಒಂದು. ಹಸು ಸತ್ತರೆ ಮತ್ತೆ ಹೋಗಿ, ಸತ್ತದ್ದು ಅದೇ ಹಸು ಹೌದೋ ಅಲ್ಲವೋ ನೋಡಬೇಕು. ಮೊದಲ ಸಲ ಹೋದಾಗ ಕಾಫಿ ಕೊಡುತ್ತಾರೆ. ಎರಡನೆಯ ಸಲ ಯಾರಿಗೂ ಕಾಫಿಯ ನೆನಪಿರುವುದಿಲ್ಲ, ಕೇಳುವಂತೆಯೂ ಇರುವುದಿಲ್ಲ. ಬಂಗಾರಪೇಟೆ, ಬೇತಮಂಗಲ, ಕೆಜಿಎಫ್ ಸುತ್ತಿನ ಹಳ್ಳಿಗಳಲ್ಲಿ ನನ್ನ ಹೆಸರು ಮಂಜುನಾಥ ಎಂಬುದು ಯಾರಿಗೂ ಗೊತ್ತಿಲ್ಲ. ಕಿವಿಗೆ ಓಲೆ ಹಾಕುವವನು, ಆದ್ದರಿಂದ "ವಾಲೆ ಸಾರು".

ಈಚೆಗೆ ಕಂಪನಿ ಈ ಕೆಲಸವನ್ನೆಲ್ಲ ಫೋನಿನ ಆ್ಯಪ್‌ಗೆ ಒಪ್ಪಿಸಿ, ನಮ್ಮಂಥವರಿಗೆ ಸ್ವಯಂ ನಿವೃತ್ತಿಯ ದಾರಿ ತೋರಿಸಿತು. ಐವತ್ತೆರಡಕ್ಕೆ ನಿವೃತ್ತ ಎಂದು ಹೇಳಿಕೊಳ್ಳುವುದು ಸುಲಭವಲ್ಲ. ಬ್ಯಾಂಕಿನಲ್ಲಿ ಹಿರಿಯ ನಾಗರಿಕರ ಸಾಲಿನಲ್ಲಿ ನಿಂತು ಒಬ್ಬ ತಾತನಿಂದ ಬೈಸಿಕೊಂಡಿದ್ದೇನೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಒಂದು ಫೋನು, ಒಂದು ನೀರಿನ ಬಾಟಲಿ ಹಿಡಿದು ಬಂದು, "ಸಾರ್, ಏನಾದ್ರೂ ಟಿಪ್ಸ್ ಇದ್ರೆ ಹೇಳಿ" ಎಂದಳು. ಅವಳಿಗೂ ಅವಳ ಜೊತೆಯವರಿಗೂ ಬಾಯಲ್ಲಿ ಹೇಳಲು ಹೋಗಿ ತಡವರಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು, ಹಸು ಎಂದೂ ನಿಮ್ಮ ಕಡೆ ನೋಡುವುದಿಲ್ಲ. ಎರಡನೆಯದು, ಬೆಳಕು ಎಂದೂ ನಿಮ್ಮ ಕಡೆ ಇರುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೆಜಿಎಫ್ ಅಂಚಿನ ಕೊಟ್ಟಿಗೆಗಳಿಗೆ ಹೋದಾಗ, ಹಿಂದೆ ಸೈನೈಡ್ ದಿಬ್ಬ ಬರುವ ಹಾಗೆ ಹಸುಗಳನ್ನು ನಿಲ್ಲಿಸಿದೆ. ಗಣಿಯಿಂದ ತೆಗೆದು ಅರೆದ ಮಣ್ಣಿನ ಆ ಬೂದು ಬಿಳಿ ಗುಡ್ಡಗಳು ಬೆಳಗಿನ ಬಿಸಿಲಿಗೆ ಹೊಳೆಯುವುದನ್ನು ನೋಡಿಯೇ ನನಗೆ ಕ್ಯಾಮೆರಾ ಹುಚ್ಚು ಹಿಡಿದದ್ದು. ರೀಲು ತೊಳೆಸಿ ನೋಡಿದರೆ ಗುಡ್ಡ ಬಹಳ ಚೆನ್ನಾಗಿ ಬಂದಿತ್ತು. ಅದರ ಮುಂದೆ ಹಸುವಿನ ಆಕಾರದ ಕತ್ತಲೆ ನಿಂತಿತ್ತು. ಕೋಲಾರದ ಕಚೇರಿಯಲ್ಲಿ ನನ್ನ ಮೇಲಧಿಕಾರಿಯಾಗಿದ್ದ ರಂಗಸ್ವಾಮಿಯವರು ಫೋಟೋ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮಂಜುನಾಥ್, ನಾವು ಗುಡ್ಡಕ್ಕೆ ವಿಮೆ ಮಾಡಲ್ಲ ಕಣ್ರೀ" ಎಂದರು. ಅಷ್ಟೇ. ಬೈಗುಳ ಎಂಬುದು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಆದರೆ ಅವರು ಕನ್ನಡಕ ತೆಗೆದರೆ ಸಾಕು, ನಾನು ಹೊಸ ರೀಲು ಹಾಕಿಕೊಂಡು ಮತ್ತೆ ಹೊರಡುತ್ತಿದ್ದೆ.

ಇನ್ನೊಂದು ಸಲ ಅವರು ಕನ್ನಡಕ ಒರೆಸಿದ್ದು ಇದಕ್ಕಿಂತ ಸಕಾರಣವಾಗಿ. ಒಂದು ಕೊಟ್ಟಿಗೆಯಲ್ಲಿ ಎರಡು ಜರ್ಸಿ ಹಸುಗಳಿದ್ದವು. ಜರ್ಸಿ ಎಂದರೆ ಎಲ್ಲವೂ ಒಂದೇ ಕಂದು ಬಣ್ಣ. ಕಪ್ಪು ಬಿಳುಪಿನ ಸೀಮೆ ಹಸುವಾದರೆ ಮೈಮೇಲೆ ಒಂದೊಂದಕ್ಕೆ ಒಂದೊಂದು ಭೂಪಟ ಇರುತ್ತದೆ, ಗುರುತು ಸುಲಭ. ಜರ್ಸಿಗೆ ಆ ದಾಕ್ಷಿಣ್ಯವಿಲ್ಲ. ಎಡಗಡೆ ತೆಗೆದು, ಸುತ್ತಿ ಬಂದು ಬಲಗಡೆ ತೆಗೆಯುವಷ್ಟರಲ್ಲಿ ಹಸುಗಳು ಜಾಗ ಬದಲಿಸಿದ್ದವು. ರಂಗಸ್ವಾಮಿಯವರು ಎರಡೂ ಫೋಟೋ ಅಕ್ಕಪಕ್ಕ ಇಟ್ಟು, "ಇದಕ್ಕೆ ಎಡಗಡೆ ಬಾಲ ಉದ್ದ, ಬಲಗಡೆ ಮೋಟು. ಅಪರೂಪದ ತಳಿ" ಎಂದರು. ಮಾರನೆಯ ದಿನ ಹೋಗಿ ಮತ್ತೆ ತೆಗೆದೆ. ಅಂದಿನಿಂದ, ತೆಗೆಯುತ್ತಿರುವ ಹಸುವಿನ ಕಡೆ ಒಂದು ಕಣ್ಣು, ಪಕ್ಕದ ಹಸುವಿನ ಕಡೆ ಇನ್ನೊಂದು ಕಣ್ಣು ಇಟ್ಟು ನನಗೆ ಸ್ವಲ್ಪ ಮಾಲುಗಣ್ಣೇ ಬಂದಿದೆ ಎಂದು ಪದ್ಮ ಹೇಳುತ್ತಾಳೆ.

ಇನ್ನು ದೃಷ್ಟಿಯ ವಿಷಯ. ಹಾಲು ಕೊಡುವ ಹಸುವಿನ ಫೋಟೋ ತೆಗೆದರೆ ಕಣ್ಣು ಬೀಳುತ್ತದೆ ಎಂಬ ಭಯ ನಮ್ಮ ಕಡೆ ಇಂದಿಗೂ ಇದೆ. ಅದೇ ಮನೆಯವರು ಮಕ್ಕಳ ಫೋಟೋವನ್ನು ದಿನಕ್ಕೊಂದು ಸಲ ಊರಿಗೆಲ್ಲ ಕಳಿಸುತ್ತಾರೆ, ಅದು ಬೇರೆ. ಹಸುವಿನ ಕೆಚ್ಚಲಿಗೆ ಮಾತ್ರ ಟವೆಲು ಸುತ್ತುತ್ತಾರೆ. ಕೆಲವು ಹಳ್ಳಿಗಳಲ್ಲಿ ಫೋಟೋ ತೆಗೆದವನು ಆ ಹಸುವಿನ ಹಾಲನ್ನೇ ಒಂದು ಲೋಟ ಕುಡಿದು ಹೋಗಬೇಕು, ಹಾಲು ಕುಡಿದವನ ಕಣ್ಣು ತಾಕುವುದಿಲ್ಲ ಎಂದು ಲೆಕ್ಕ. ನನಗೆ ಹಾಲು ಆಗುವುದಿಲ್ಲ. ಬೆಳಗಿನ ಮೂರನೆಯ ಮನೆಯ ಹೊತ್ತಿಗೆ ನನ್ನ ಹೊಟ್ಟೆ ಗುಡುಗಲು ಶುರುವಾಗುತ್ತಿತ್ತು. ಹಸು ಬೆಚ್ಚಿ ಕಿವಿ ನಿಮಿರಿಸುತ್ತಿತ್ತು, ಫೋಟೋ ಚೆನ್ನಾಗಿ ಬರುತ್ತಿತ್ತು. ಹೊಸದಾಗಿ ಬರುವವರಿಗೆ ಇದನ್ನು ತಂತ್ರವಾಗಿ ಶಿಫಾರಸು ಮಾಡಲಾರೆ.

ಯಂತ್ರಗಳ ಬಗ್ಗೆ ನನಗಿರುವ ಅಭಿಪ್ರಾಯಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ರಜೆಯ ದಿನ ಹಳೆಯ ಕ್ಯಾಮೆರಾ ಬಿಚ್ಚಿ ಮತ್ತೆ ಜೋಡಿಸುವುದು, ಉಳಿದ ಒಂದು ಸ್ಕ್ರೂ ಎಲ್ಲಿಯದೆಂದು ವಾರಗಟ್ಟಲೆ ಚಿಂತಿಸುವುದು ನನ್ನ ಹವ್ಯಾಸ. ಹೊಸದೇನು ಬಂದರೂ ಮೊದಲು ಕೊಳ್ಳುವವನೂ ನಾನೇ, ಕೊಂಡ ಮೇಲೆ ಇದು ಸುಟ್ಟುಹೋದರೆ ಎಂದು ರಾತ್ರಿ ಪ್ಲಗ್ಗು ಕೀಳುವವನೂ ನಾನೇ. ಆ್ಯಪ್ ಬಂದಾಗ ಖುಷಿಪಟ್ಟೆ. ಅದು ಹಸು ಇರುವ ಜಾಗವನ್ನು ತಾನೇ ಗುರುತು ಹಾಕಿಕೊಳ್ಳುತ್ತದೆ. ಆದರೆ ನಮ್ಮ ಗಡಿಯ ಹಳ್ಳಿಗಳಲ್ಲಿ ಗಾಳಿ ಬೀಸಿದ ಕಡೆಗೆ ಸಿಗ್ನಲ್ಲು. ಕೊಟ್ಟಿಗೆಯ ಈ ತುದಿಯಲ್ಲಿ ನಿಂತರೆ ಕರ್ನಾಟಕ, ಆ ತುದಿಗೆ ಹೋದರೆ ಆಂಧ್ರಕ್ಕೆ ಸ್ವಾಗತ ಎಂಬ ಮೆಸೇಜು. ಹಸುವಿನ ತಲೆ ಒಂದು ರಾಜ್ಯದಲ್ಲಿ, ಬಾಲ ಇನ್ನೊಂದರಲ್ಲಿ ಎಂದು ಆ್ಯಪ್ ಅರ್ಜಿಯನ್ನು ತಿರಸ್ಕರಿಸುತ್ತಿತ್ತು. ಹಸುವನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳಿ ಕರ್ನಾಟಕಕ್ಕೆ ಸೇರಿಸುವುದು ಎಷ್ಟು ಕಷ್ಟವೆಂದು ಆ್ಯಪ್ ಬರೆದವರಿಗೆ ಯಾರು ಹೇಳಬೇಕು?

ಇನ್ನೊಂದು ತಕರಾರು ಇಂದಿನ ಫೋನುಗಳ ಚಂದಮಾಡುವ ಚಟದ ಮೇಲೆ. ಮುಖ ಕಂಡರೆ ಸಾಕು, ಹೇಳದೆ ಕೇಳದೆ ಕಲೆ ಅಳಿಸಿ, ಸುಕ್ಕು ನೀವಿ, ಬೆಳ್ಳಗೆ ಮಾಡಿಬಿಡುತ್ತವೆ. ಮದುವೆ ಮನೆಯಲ್ಲಿ ಆಗಲಿ, ಬೇಡ ಎನ್ನುವುದಿಲ್ಲ. ನನಗೂ ಒಂದೆರಡು ಅಂಥ ಫೋಟೋ ಇವೆ, ಅದರಲ್ಲಿ ನಾನು ನನ್ನ ತಮ್ಮನ ಹಾಗೆ ಇದ್ದೇನೆ. ಆದರೆ ಹಸುವಿನ ಮುಖವನ್ನೂ ಮುಖವೆಂದೇ ತಿಳಿದು ಅವು ನೀವಿಬಿಡುತ್ತವೆ. ನಮ್ಮ ಕೆಲಸದಲ್ಲಿ ಕಲೆಯೇ ಗುರುತು. ಕೊಂಬಿನ ಬುಡದ ಗಾಯ, ಕಿವಿಯ ಹರಕು, ಹಣೆಯ ಬಿಳಿ ಚುಕ್ಕೆ, ಇವೇ ಹಸುವಿನ ಸಹಿ. ಅಳಿಸಿದರೆ ಚಂದದ ಹಸು ಉಳಿಯುತ್ತದೆ, ಯಾರ ಹಸುವೋ ಗೊತ್ತಾಗುವುದಿಲ್ಲ.

ಇದರ ಬೆಲೆ ನನಗೆ ಗೊತ್ತಾದದ್ದು ವೆಂಕಟಮ್ಮನ ಹಸುವಿನಿಂದ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ವೆಂಕಟಮ್ಮ ಬಂಗಾರಪೇಟೆಯಿಂದ ಬೇತಮಂಗಲದ ಕಡೆ ಹೋಗುವ ದಾರಿಯ ಒಂದು ಹಳ್ಳಿಯವಳು. ಮೂರು ಹಸು ಸಾಕಿ ಡೈರಿಗೆ ಹಾಲು ಹಾಕುತ್ತಿದ್ದಳು. ಅದರಲ್ಲಿ ಗೌರಿ ಎಂಬ ಜರ್ಸಿ ಅವಳೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ತಬ್ಬಲಿ ಕರು. ಗೌರಿಗೆ ವಿಮೆ ಮಾಡಿಸಲು ನನ್ನನ್ನು ಕರೆದ ದಿನ ನಾನು ಹೋಗುವಷ್ಟರಲ್ಲಿ ಹಸು ಮದುವೆ ಹೆಣ್ಣಾಗಿ ನಿಂತಿತ್ತು. ಮುಖಕ್ಕೆಲ್ಲ ಅರಿಶಿನ, ಹಣೆಯಲ್ಲಿ ಅಂಗೈಯಗಲ ಕುಂಕುಮ, ಕೊಂಬಿಗೆ ಹಸಿರು ಬಣ್ಣ, ಕೊರಳಿಗೆ ಚೆಂಡು ಹೂವಿನ ಹಾರ, ಕೆಚ್ಚಲಿಗೆ ಟವೆಲು.

"ಏನಮ್ಮ ಇದು, ತೊಳೆದುಬಿಡಮ್ಮ. ಹಣೆ ಮೇಲೆ ಏನಾದ್ರೂ ಗುರುತಿದ್ರೆ ಕಾಣಬೇಕು" ಎಂದೆ.

"ಅಯ್ಯೋ ಸಾರೂ, ಪೋಟೋ ಅಂದ್ರೆ ಅಂಗೇ ನಿಂತ್ಕೊತಾರಾ? ನೀವು ಆಧಾರ್ ಕಾರ್ಡಿಗೆ ಓಗುವಾಗ ತಲೆ ಬಾಚ್ಕೊಂಡು ಓಗ್ಲಿಲ್ವಾ?"

ನಾನೂ ಬಾಚಿಕೊಂಡೇ ಹೋಗಿದ್ದೆ. ಅವಳ ಸಂಭ್ರಮ ಕೆಡಿಸುವ ಮನಸ್ಸು ಬರಲಿಲ್ಲ. ಕಿವಿಯಲ್ಲಿ ಬಿಲ್ಲೆ ಇದೆಯಲ್ಲ ಎಂದು ಮೂರು ಫೋಟೋ ತೆಗೆದು ಬಂದೆ. ನಮ್ಮ ಕಡೆಯ ಅರ್ಧ ಹಸುಗಳ ವಿಮಾ ಫೋಟೋ ಹೀಗೆಯೇ ಇವೆ. ನೋಡಿದರೆ ಪೂಜೆಗೆ ಇಡಬಹುದು, ಗುರುತು ಹಿಡಿಯಲಾಗದು.

ಆ ವರ್ಷ ಮುಂಗಾರು ಶುರುವಾದ ಮೇಲೆ ಕೆರೆಯಂಗಳದಲ್ಲಿ ಮೇಯಲು ಬಿಟ್ಟಿದ್ದ ಗೌರಿ ಸಂಜೆ ಮನೆಗೆ ಬರಲಿಲ್ಲ. ವೆಂಕಟಮ್ಮ ಸುತ್ತಿನ ಹಳ್ಳಿಗಳನ್ನೆಲ್ಲ ತಿರುಗಿದಳು. ನನ್ನ ಹತ್ತಿರವೂ ಬಂದಳು. ಹಸು ಸತ್ತರೆ ವಿಮೆ ಉಂಟು, ಕಳೆದರೆ ಇಲ್ಲ. ಅದನ್ನು ಹೇಳಿದಾಗ ಅವಳು, "ದುಡ್ಡು ಯಾರಿಗೆ ಬೇಕು ಸಾರೂ, ಅಸು ಎಲ್ಲೈತೆ ಏಳಿ" ಎಂದು ಕೇಳಿದಳು. ಅದಕ್ಕೆ ನನ್ನ ಬಳಿ ಯಾವ ಯಂತ್ರವೂ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ವೆಂಕಟಮ್ಮನ ಮೈದುನ ಮುನಿಶಾಮಿ ಫೋನು ಮಾಡಿದ. "ಸಾರ್, ಅಸು ಸಿಕ್ತು! ಚಾಂಪಿಯನ್ ರೀಫ್ಸಾಗೆ ಐತೆ. ವಾಟ್ಸಾಪಾಗೆ ಬಂದೈತೆ!" ಅವರ ಪರಿಚಯದವರೊಬ್ಬರು, ತಮಿಳರು ದನಗಳಿಗೆ ಪೂಜೆ ಮಾಡುವ ಮಾಟು ಪೊಂಗಲ್ ದಿನ, ತಮ್ಮ ಬೀದಿಯ ಹಸುವಿನ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದ್ದರಂತೆ. ನನಗೂ ಕಳಿಸಿದ. ಅರಿಶಿನ, ಕುಂಕುಮ, ಹಸಿರು ಕೊಂಬು, ಚೆಂಡು ಹೂವಿನ ಹಾರ. ನಾನು ತೆಗೆದ ಫೋಟೋದ ಅವಳಿ. "ಮುನಿಶಾಮಿ, ಹೀಗೆ ಅಲಂಕಾರ ಮಾಡಿದ್ರೆ ನಮ್ಮ ತಾಲ್ಲೂಕಿನ ಜರ್ಸಿಗಳೆಲ್ಲ ಗೌರೀನೇ ಕಣಪ್ಪ" ಎಂದೆ. ಸಾಲದ್ದಕ್ಕೆ ಫೋನು ಹಸುವಿನ ಮುಖವನ್ನು ನೀವಿ ನುಣ್ಣಗೆ ಮಾಡಿತ್ತು. ಬೆಣ್ಣೆಯಲ್ಲಿ ಕಡೆದ ಬೊಂಬೆಯ ಹಾಗೆ ಕಾಣುತ್ತಿತ್ತು.

"ಅದೆಲ್ಲ ನಂಗೊತ್ತಿಲ್ಲ. ಅತ್ತಿಗೆ ಒಂಟವ್ಳೆ. ನೀವು ಬರ್ಬೇಕು. ನಿಮ್ಮ ಪೋಟೋನೇ ಸಾಕ್ಷಿ" ಎಂದು ಅವನು ಫೋನಿಟ್ಟ.

ಹೋಗಬಾರದೆಂದು ಹತ್ತು ಕಾರಣ ಯೋಚಿಸಿದೆ. ಇದು ಕಂಪನಿಯ ಕೆಲಸವಲ್ಲ. ಜಗಳವಾದರೆ ಮೊದಲ ಏಟು ಮಧ್ಯದಲ್ಲಿ ನಿಂತವನಿಗೆ. ಅದಕ್ಕಿಂತ ದೊಡ್ಡ ಭಯ, ನಾನು ಯಾವುದೋ ಹಸುವನ್ನು ಗೌರಿ ಎಂದುಬಿಟ್ಟರೆ? ಗೌರಿಯನ್ನೇ ಅಲ್ಲ ಎಂದುಬಿಟ್ಟರೆ? ಆದರೂ ಹೋದೆ. ಚೀಲದಲ್ಲಿ ಎರಡು ಕ್ಯಾಮೆರಾ, ಬಿಸಿಲು ಕಾಯುತ್ತಿದ್ದರೂ ರೇನ್‌ಕೋಟು.

ಕೆಜಿಎಫ್‌ನ ಚಾಂಪಿಯನ್ ರೀಫ್ಸಿನಲ್ಲಿ ಹಳೆಯ ಗಣಿ ಕಾರ್ಮಿಕರ ಸಾಲು ಮನೆಗಳಲ್ಲಿ ಒಂದರ ಮುಂದೆ ಹಸು ಕಟ್ಟಿತ್ತು. ಹಬ್ಬದ ಬಣ್ಣವೆಲ್ಲ ತೊಳೆದುಹೋಗಿ ಬರೀ ಕಂದು ಜರ್ಸಿ. ಬಿಲ್ಲೆ ಇರಬೇಕಾದ ಕಿವಿ ಹರಿದಿತ್ತು, ಬಿಲ್ಲೆ ಇರಲಿಲ್ಲ. ಸಾಕಿದವಳು ಸೆಲ್ವಿ, ತಮಿಳು ಬೆರೆಸಿ ಕನ್ನಡ ಆಡುವವಳು. ಗಂಡ ಗಣಿಯಲ್ಲಿದ್ದವನು, ತೀರಿಕೊಂಡಿದ್ದಾನೆ. ಆಂಡರ್ಸನ್‌ಪೇಟೆಯ ಟೀ ಅಂಗಡಿಗಳಿಗೆ ಹಾಲು ಕೊಟ್ಟು ಬದುಕುವವಳು. ಅವಳಿಗಿದ್ದದ್ದು ಇದೊಂದೇ ಹಸು.

"ಸತ್ತಿಯಮಾ ನಾನು ಕದ್ದಿಲ್ಲ ಅಣ್ಣೇ. ಸಂತೆಯಲ್ಲಿ ಎಲ್ಲಾರ್ ಮುಂದೆ ಕಾಸು ಕೊಟ್ಟು ತಗೊಂಡಿದ್ದು. ಕಿವಿ ಯಾಕೆ ಹರ್ದಿದೆ ಅಂತ ಕೇಳ್ದೆ, ಮುಳ್ಳು ತಂತಿ ಅಂದ ದಲ್ಲಾಳಿ. ಈಗ ಅವನ್ ಫೋನು ಸ್ವಿಚ್ ಆಫ್."

"ನಿನ್ನ ಕಳ್ಳಿ ಅಂದೋರು ಯಾರಮ್ಮ? ಅಸು ನಂದು ಅಂತ ಏಳ್ತಾ ಇವ್ನಿ, ಅಷ್ಟೇಯಾ" ಎಂದಳು ವೆಂಕಟಮ್ಮ. ಅವಳ ಕಣ್ಣೆಲ್ಲ ಹಸುವಿನ ಮೇಲೆ.

ಸೆಲ್ವಿ ನನ್ನ ಕಡೆ ತಿರುಗಿದಳು. "ಸಾರ್, ನೀವು ಯಾರ್ ಕಡೆ?"

"ನಾನು ಫೋಟೋ ಕಡೆಯಮ್ಮ" ಎಂದೆ. ಇದಕ್ಕಿಂತ ಹೇಡಿತನದ ಉತ್ತರ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ನನ್ನ ಮೂರು ಫೋಟೋಗಳನ್ನು ನೋಡಿದ ಸೆಲ್ವಿ ನಕ್ಕುಬಿಟ್ಟಳು. "ಇದ್ರಲ್ಲಿ ಹಸು ಎಲ್ಲಿದೆ ಸಾರ್? ಬರೀ ಮಂಜಳ್ ಕಾಣ್ತದೆ." ಅವಳು ಹೇಳಿದ್ದು ಸರಿ, ಅರಿಶಿನ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ವೆಂಕಟಮ್ಮ ಹಣೆಯ ಮೇಲೆ ಕಾಳಿನಷ್ಟು ಬಿಳಿ ಇದೆ ಎಂದು ಎದುರಿನ ಹಸುವಿನ ಹಣೆ ಸವರಿ ತೋರಿಸಿದಳು. ಫೋಟೋದಲ್ಲಿ ಅದೇ ಜಾಗದಲ್ಲಿ ಅಂಗೈಯಗಲ ಕುಂಕುಮ.

ಆಗ ಮುನಿಶಾಮಿ ನ್ಯಾಯ ಹೇಳಿದ. "ಅಸೂನ ಬಿಚ್ಚಿ ಬುಡ್ರಿ. ಯಾರೂ ಕರೀಬಾರ್ದು, ಬಾಯಿ ಮುಚ್ಕೊಂಡು ನಿಂತ್ಕಳಿ. ತನ್ನ ಯಜಮಾನಿ ಯಾರು ಅಂತ ಅದೇ ತೋರಿಸ್ತದೆ."

ಎಲ್ಲರೂ ಒಪ್ಪಿದರು. ಬೀದಿಯವರು ಬಂದು ನೆರೆದರು. ಹಗ್ಗ ಬಿಚ್ಚಿದರು. ಒಂದು ಕಡೆ ವೆಂಕಟಮ್ಮ, ಒಂದು ಕಡೆ ಸೆಲ್ವಿ, ಉಸಿರು ಬಿಗಿಹಿಡಿದು ನಿಂತರು. ಹಸು ಇಬ್ಬರನ್ನೂ ನಿಧಾನವಾಗಿ ನೋಡಿತು. ಆಮೇಲೆ ನೇರವಾಗಿ ನಡೆದು ನನ್ನ ಬಳಿಗೆ ಬಂದು, ಹೆಗಲ ಚೀಲದಿಂದ ಇಣುಕುತ್ತಿದ್ದ ರೇನ್‌ಕೋಟಿನ ತೋಳನ್ನು ಬಾಯಿಗೆ ಹಾಕಿಕೊಂಡಿತು.

"ತೀರ್ಮಾನ ಆಯ್ತು, ಅಸು ವಾಲೆ ಸಾರುದೇ!" ಎಂದು ಯಾರೋ ಕೂಗಿದರು. ಬೀದಿಯೆಲ್ಲ ನಕ್ಕಿತು. ಸೆಲ್ವಿಯೂ ನಕ್ಕಳು. ವೆಂಕಟಮ್ಮ ಮಾತ್ರ ನಗಲಿಲ್ಲ.

ರೇನ್‌ಕೋಟನ್ನು ಬಿಡಿಸಿಕೊಳ್ಳಲು ಎಳೆದಾಡುವಾಗ ಹಸುವಿನ ಮೂಗು ನನ್ನ ಮುಖಕ್ಕೆ ಗೇಣು ದೂರದಲ್ಲಿತ್ತು. ಒದ್ದೆಯಾಗಿ ಹೊಳೆಯುತ್ತಿದ್ದ ಚರ್ಮದ ಮೇಲೆ ಸಣ್ಣ ಸಣ್ಣ ಉಬ್ಬುಗಳು, ನಡುವೆ ಗೆರೆಗಳು. ಮನುಷ್ಯರ ಹೆಬ್ಬೆಟ್ಟಿನ ಗುರುತಿನ ಹಾಗೆ ಹಸುವಿನ ಮೂಗಿನ ಗುರುತೂ ಒಂದರಂತೆ ಇನ್ನೊಂದು ಇರುವುದಿಲ್ಲ. ಹೊಸ ಆ್ಯಪ್‌ನಲ್ಲಿ ಮೂಗಿನ ಫೋಟೋ ತೆಗೆಯುವ ಪದ್ಧತಿ ಆಗತಾನೆ ಶುರುವಾಗಿತ್ತು. ಗೌರಿಗೆ ಬಿಲ್ಲೆ ಹಾಕಿದಾಗ ಅದು ಇರಲಿಲ್ಲ. ಆದರೂ ಇರಲಿ ಎಂದು, "ಇದರ ಮೂಗಿನ ಫೋಟೋ ಒಂದು ತೆಗೀತೀನಮ್ಮ" ಎಂದು ಸೆಲ್ವಿಯನ್ನು ಕೇಳಿದೆ.

ಹೊಸಬರು ಇಲ್ಲಿ ಗಮನಿಸಬೇಕು. ಮೂಗು ಒದ್ದೆಯಿದ್ದರೆ ಬೆಳಕು ಹೊಡೆದು ಗೆರೆ ಕಾಣುವುದಿಲ್ಲ. ಒರೆಸಬೇಕು. ಒರೆಸಿದ ಕೂಡಲೇ ಹಸು ನಾಲಿಗೆ ಚಾಚಿ ಮೂಗಿನ ಹೊಳ್ಳೆಯವರೆಗೂ ನೆಕ್ಕಿಕೊಳ್ಳುತ್ತದೆ. ಒರೆಸುವುದಕ್ಕೂ ನೆಕ್ಕುವುದಕ್ಕೂ ನಡುವೆ ನಿಮಗೆ ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ನೆರಳಿನಲ್ಲಿ ನಿಲ್ಲಿಸಿ, ಫ್ಲ್ಯಾಶ್ ಆರಿಸಿ. ಸೆಲ್ವಿ ತಲೆ ಹಿಡಿದಳು, ವೆಂಕಟಮ್ಮ ಸೆರಗಿನಿಂದ ಒರೆಸಿದಳು, ನಾನು ಮಂಡಿಯೂರಿ ತೆಗೆದೆ. ಅದೆಷ್ಟು ಸಲ ಎಂದು ನೆನಪಿಲ್ಲ. ಜಗಳಕ್ಕೆ ಬಂದ ಇಬ್ಬರೂ ಅಷ್ಟು ಹೊತ್ತು, "ಇಡ್ಕೊ, ಇಡ್ಕೊ", "ತೊಡಚಿಡು ಅಕ್ಕ, ಬೇಗ ಒರ್ಸು" ಎನ್ನುತ್ತ ಒಬ್ಬರಿಗೊಬ್ಬರು ಅಪ್ಪಣೆ ಕೊಡುತ್ತಿದ್ದರು.

ಮಾರನೆಯ ಮಧ್ಯಾಹ್ನ ಮನೆಯಲ್ಲಿ ಕೂತು ಗೌರಿಗೆ ಬಿಲ್ಲೆ ಹಾಕಿದ ದಿನ ತೆಗೆದ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹುಡುಕಿದೆ. ನಾನು ಏನನ್ನೂ ಅಳಿಸುವುದಿಲ್ಲ. ಕೆಟ್ಟ ಫೋಟೋಗಳನ್ನೂ ಇಟ್ಟುಕೊಂಡು ಮತ್ತೆ ಮತ್ತೆ ಡಿಸ್ಕು ಕೊಳ್ಳುವ ನನ್ನ ಚಾಳಿಗೆ ಪದ್ಮ ಬೇಸತ್ತಿದ್ದಾಳೆ. ಮೂರು ಸರಿಯಾದ ಫೋಟೋಗಳ ನಡುವೆ ಕೆಟ್ಟವು ಇದ್ದವು: ಬಾಲ ಮಾತ್ರ, ನನ್ನ ಬೆರಳು, ಆಕಾಶ. ಆಮೇಲೆ ಒಂದು. ಹಾರದ ಹೂವಿಗೆ ಆಸೆಪಟ್ಟು ತಲೆ ತಿರುಗಿಸಿದ ಗೌರಿ ಕ್ಯಾಮೆರಾಕ್ಕೇ ಮೂತಿ ಒಡ್ಡಿದ್ದಳು. ಕಣ್ಣು, ಹಣೆ, ಅರಿಶಿನ ಎಲ್ಲ ಮಸುಕು. ಮೂಗಿನ ಒಂದು ಪಕ್ಕ ಮಾತ್ರ ಚೊಕ್ಕವಾಗಿ, ಗೆರೆಗೆರೆಯಾಗಿ ಬಂದಿತ್ತು. ಮೂಗಿಗೆ ಯಾರೂ ಅರಿಶಿನ ಹಚ್ಚಿರಲಿಲ್ಲ, ಹಚ್ಚಿದರೂ ಅವಳೇ ನೆಕ್ಕಿಕೊಂಡಿರಬೇಕು.

ಎರಡನ್ನೂ ಟಿವಿಯ ಪರದೆಯ ಮೇಲೆ ಅಕ್ಕಪಕ್ಕ ಹಾಕಿದೆ. ಒಲೆಯ ಮುಂದಿನಿಂದ ಬಂದ ಪದ್ಮ, "ಏನ್ರೀ ಅದು, ಒಣಗಿದ ಕೆರೆನಾ?" ಎಂದಳು. ಹೇಳಿದೆ. ಅವಳೂ ಕೂತು ನೋಡಿದಳು. ಗೆರೆಗಳು ಒಂದೇ ಎಂದು ಇಬ್ಬರಿಗೂ ಕಂಡಿತು. ಕಂಡ ಕೂಡಲೇ ನನಗೆ ಖುಷಿಗಿಂತ ಭಯ ಹೆಚ್ಚಾಯಿತು. ವೆಂಕಟಮ್ಮನಿಗೆ ಹಸು ಸಿಕ್ಕಿತು ಎಂದರೆ ಸೆಲ್ವಿಗೆ ಇದ್ದ ಒಂದು ಹಸು ಹೋಯಿತು ಎಂದು ಅರ್ಥ. ಅದನ್ನು ಹೇಳುವ ಬಾಯಿ ನನ್ನದಾಗಬೇಕು.

"ನಾನು ಹೇಳೋದು ತಪ್ಪಾಗಿದ್ರೆ? ಬೆಳಕಿನ ವ್ಯತ್ಯಾಸ ಇದ್ರೆ? ಯಾವುದಕ್ಕೂ ಗೊತ್ತಾಗ್ಲಿಲ್ಲ ಅಂದುಬಿಡ್ಲಾ?" ಎಂದೆ.

"ನೀವೇನು ಜಡ್ಜಾ? ಫೋಟೋ ತೆಗೆದೋರು" ಎಂದಳು ಪದ್ಮ. "ಎರಡನ್ನೂ ದೊಡ್ಡದಾಗಿ ಹಾಕಿಸಿ, ಅವರ ಮುಂದೆ ಇಟ್ಟು ಸುಮ್ನೆ ಕೂತ್ಕೊಳಿ. ಸುಮ್ನೆ ಕೂರೋದು ನಿಮಗೆ ಕಷ್ಟ, ಗೊತ್ತು."

ಹಾಗೆಯೇ ಮಾಡಿದೆ. ಸೆಲ್ವಿಯ ಮನೆಯ ಜಗಲಿಯ ಮೇಲೆ ಎರಡು ದೊಡ್ಡ ಫೋಟೋಗಳನ್ನು ಇಟ್ಟೆ. ಇದು ಆಗಿನದು, ಇದು ಈಗಿನದು ಎಂದಷ್ಟೇ ಹೇಳಿದೆ. ವೆಂಕಟಮ್ಮ, ಮುನಿಶಾಮಿ ಬಗ್ಗಿ ನೋಡಿದರು. "ಎಲ್ಲ ಉಬ್ಬುಉಬ್ಬಾಗೈತೆ, ಏನೂ ತಿಳೀತಾ ಇಲ್ಲ" ಎಂದ ಮುನಿಶಾಮಿ. ವೆಂಕಟಮ್ಮನ ಕಣ್ಣಲ್ಲಿ ನೀರು ತುಂಬಿದ್ದರಿಂದ ಅವಳಿಗೆ ಏನೂ ಕಾಣುತ್ತಿರಲಿಲ್ಲ.

ಸೆಲ್ವಿ ಕೆಳಗೆ ಕೂತಳು. ಅವಳ ಮನೆಯ ಮುಂದೆ ಬೆಳಿಗ್ಗೆ ಹಾಕಿದ ಕೋಲ ಇನ್ನೂ ಅಳಿಸಿರಲಿಲ್ಲ, ಚುಕ್ಕಿ ಸುತ್ತಿ ಬಳಸಿ ಎಳೆದ ದೊಡ್ಡ ರಂಗೋಲಿ. ಅವಳು ಮೊದಲ ಫೋಟೋದ ಮೇಲೆ ಬೆರಳಿಟ್ಟು, ಗೆರೆ ಹೋದ ಹಾಗೆ ನಿಧಾನವಾಗಿ ಎಳೆಯತೊಡಗಿದಳು. ಒಂದು ಕಡೆ ನಿಂತು, ಎರಡಾಗಿ ಒಡೆದು, ಮತ್ತೆ ಸೇರಿ, ಕೆಳಗೆ ಒಂದು ಒಂಟಿ ಉಬ್ಬನ್ನು ಸುತ್ತಿ ಹೋಗುವ ಗೆರೆ. ಆಮೇಲೆ ಎರಡನೆಯದರ ಮೇಲೆ ಅದೇ ದಾರಿ. ಬೆರಳು ಎಲ್ಲಿಯೂ ತಡವರಿಸಲಿಲ್ಲ. ತಿಳಿಯಲಿಲ್ಲ ಎಂದು ಅವಳು ಎದ್ದುಬಿಟ್ಟಿದ್ದರೆ ಅಲ್ಲಿ ಯಾರೂ ಅವಳನ್ನು ತಪ್ಪೆನ್ನುವಂತಿರಲಿಲ್ಲ. ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ ಇಂದಿಗೂ ಹೇಳಲಾರೆ.

"ಒಂದೇ" ಎಂದಳು ಸೆಲ್ವಿ. ಎದ್ದು ಹೋಗಿ ಹಗ್ಗ ಬಿಚ್ಚಿ ತಂದು ವೆಂಕಟಮ್ಮನ ಕೈಗೆ ಕೊಟ್ಟಳು. "ತಗೋ ಅಕ್ಕ. ನಿನ್ ಹಸು."

ವೆಂಕಟಮ್ಮ ಹಗ್ಗ ಹಿಡಿದು ಹಸುವಿನ ಕೊರಳು ತಬ್ಬಿ ನಿಂತಳು. ಆಮೇಲೆ ಹಾಲು ವ್ಯಾಪಾರದವಳ ಕಣ್ಣಿನಿಂದ ಹಸುವನ್ನು ಒಂದು ಸುತ್ತು ಬಂದಳು. ಪಕ್ಕೆ ಸವರಿದಳು, ಗೊರಸು ನೋಡಿದಳು, ಕೆಚ್ಚಲು ಮುಟ್ಟಿದಳು. ಕೊಟ್ಟಿಗೆಗೆ ಬಗ್ಗಿ ನೋಡಿ ಬಂದಳು. ಕಲ್ಲುಹಾಸಿನ ನೆಲ ತೊಳೆದಿತ್ತು, ಮಲಗಲು ಗೋಣಿ ಹಾಸಿತ್ತು.

"ಗಬ್ಬ ಆಗೈತಲ್ಲ" ಎಂದಳು.

"ಆಮಾ. ಐದು ತಿಂಗ್ಳು. ಡಾಕ್ಟ್ರು ನೋಡವ್ರೆ."

"ಇಂಡಿ ಏನು ಆಕ್ತೀಯ?"

"ಕಡ್ಲೆಕಾಯಿ ಹಿಂಡಿ. ಬೇರೆ ಹಾಕಿದ್ರೆ ಮೂತಿ ತಿರುಗಿಸ್ತಾಳೆ."

"ನಂ ಮನ್ಯಾಗೂ ಅಂಗೇ ಮಾಡ್ತಿದ್ಲು, ಕೊಬ್ಬು" ಎಂದಳು ವೆಂಕಟಮ್ಮ. ಹಗ್ಗವನ್ನು ಕೈಗೆ ಸುತ್ತಿಕೊಂಡಳು, ಬಿಚ್ಚಿದಳು. ಮುನಿಶಾಮಿ ಗೂಡ್ಸ್ ಆಟೋ ಕರೆಯಲು ಹೊರಟ. "ನಿಂತ್ಕೊ ಕಣ್ಲಾ" ಎಂದು ಅವನನ್ನು ನಿಲ್ಲಿಸಿದಳು.

"ನೋಡಮ್ಮ ಸೆಲ್ವಿ. ನಂಗೆ ಇನ್ನೂ ಎರಡವೆ. ಇದ್ನ ನಿಂಗೆ ಪಾಲಿಗೆ ಬುಟ್ಟೋಗ್ತೀನಿ. ಅಸು ನಂದು. ಸಾಕೋಳು ನೀನು. ಆಲು ನಿಂದೇಯಾ. ಈ ಕರು ನಂಗೆ, ಆಮ್ಯಾಕಿನ ಕರು ನಿಂಗೆ. ಒಪ್ಪಿದ್ರೆ ಒಪ್ಕೊ, ಇಲ್ಲಾಂದ್ರೆ ಇವತ್ತೇ ಒಡ್ಕೊಂಡು ಓಗ್ತೀನಿ."

ಪಾಲಿಗೆ ಕೊಡುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಹಸು ಒಬ್ಬರದು, ಮೇವು ಮತ್ತು ಮೈದುಡಿಮೆ ಇನ್ನೊಬ್ಬರದು, ಕರುಗಳು ಸರದಿಯ ಮೇಲೆ. ಗುರುತು ಪರಿಚಯದವರ ನಡುವೆ, ಹೆಚ್ಚೆಂದರೆ ಪಕ್ಕದ ಹಳ್ಳಿಯವರೊಂದಿಗೆ ನಡೆಯುವಂಥದ್ದು. ಕಳೆದುಹೋದ ಹಸುವಿನ ವಿಷಯದಲ್ಲಿ, ಮೊನ್ನೆ ಕಂಡವಳ ಜೊತೆ ಯಾರಾದರೂ ಈ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನಾನು ಮೋಸ ಮಾಡಿದ್ರೆ?" ಎಂದು ಸೆಲ್ವಿಯೇ ಕೇಳಿದಳು.

"ಮೋಸ ಮಾಡೋಳಾಗಿದ್ರೆ ಈಗ ಪೋಟೋ ಮ್ಯಾಲೆ ಬೆಳ್ಳಿಟ್ಟು ಸತ್ಯ ಏಳ್ತಿದ್ಯಾ? ಓಗ್, ಕಾಪಿ ಕಾಸು."

ಮುಂದಿನ ವಾರ ಹೊಸ ಬಿಲ್ಲೆ, ಹೊಸ ವಿಮೆ. ಅದು ನಾನು ಮಾಡಿದ ಕೊನೆಯ ಕೆಲಸಗಳಲ್ಲಿ ಒಂದು. 'ಮಾಲೀಕರ ಜೊತೆ' ಎಂಬ ಫೋಟೋಕ್ಕೆ ವೆಂಕಟಮ್ಮನನ್ನು ನಿಲ್ಲಿಸಿದೆ. ಅವಳು ಸೆಲ್ವಿಯ ಕೈ ಹಿಡಿದೆಳೆದು, "ನೀನೂ ಬಾರಮ್ಮ, ದಿನಾ ಸಗಣಿ ಬಾಚೋಳು ನೀನು" ಎಂದಳು. ಆ್ಯಪ್ ಒಪ್ಪಲಿಲ್ಲ. ಎರಡು ಮುಖಗಳಿವೆ, ಒಬ್ಬ ಮಾಲೀಕರನ್ನು ಮಾತ್ರ ನಿಲ್ಲಿಸಿ ಎಂದು ಕೆಂಪಕ್ಷರದಲ್ಲಿ ಬಂತು. ಸೆಲ್ವಿಯನ್ನು ಪಕ್ಕಕ್ಕೆ ಕಳಿಸಿ ಆ್ಯಪ್‌ಗೆ ಬೇಕಾದದ್ದನ್ನು ಕೊಟ್ಟೆ. ಆಮೇಲೆ ಫೋನನ್ನು ಜೇಬಿಗೆ ಹಾಕಿ, ಚೀಲದಿಂದ ನನ್ನ ಕ್ಯಾಮೆರಾ ತೆಗೆದೆ. "ಈಗ ಇಬ್ಬರೂ ಬನ್ನಿ."

ಹಿಂದೆ ಬೇಕೆಂದೇ ದಿಬ್ಬ ಇಟ್ಟುಕೊಂಡೆ. ಈ ಸಲ ಬೆಳಕು ನನ್ನ ಬೆನ್ನ ಹಿಂದಿತ್ತು. ಹಸು ಯಾವುದರ ಪರಿವೆಯೂ ಇಲ್ಲದೆ ಮೆಲುಕು ಹಾಕುತ್ತ ನೆಲ ನೋಡುತ್ತಿತ್ತು. "ಹೆಸರು ಹಿಡಿದು ಕರೀರಿ, ಕಿವಿ ಎತ್ತಲಿ" ಎಂದೆ.

"ಗೌರೀ" ಎಂದಳು ವೆಂಕಟಮ್ಮ, ಬಲಗಡೆಯಿಂದ.

"ಲಚ್ಚುಮೀ" ಎಂದಳು ಸೆಲ್ವಿ, ಎಡಗಡೆಯಿಂದ. ಎರಡೂ ಒಟ್ಟಿಗೇ ಬಂದವು.

ಹಸು ಮೆಲುಕು ನಿಲ್ಲಿಸಿ ತಲೆ ಎತ್ತಿತು. ತಲೆಯನ್ನು ಆ ಕಡೆಗೂ ತಿರುಗಿಸಲಿಲ್ಲ, ಈ ಕಡೆಗೂ ತಿರುಗಿಸಲಿಲ್ಲ. ಹೊಸ ಬಿಲ್ಲೆಯ ಕಿವಿಯನ್ನು ವೆಂಕಟಮ್ಮನ ಕಡೆಗೂ ಹರಕು ಕಿವಿಯನ್ನು ಸೆಲ್ವಿಯ ಕಡೆಗೂ ಹೊರಳಿಸಿ, ಹಾಗೇ ನಿಂತುಕೊಂಡಿತು. ನಾನು ಒತ್ತಿದೆ.